ಎಣ್ಣೆ ಹಚ್ಚಿದ ಕಲ್ಲು

ಬೆಂಗಳೂರಿನ ರೈಲು ಇಳಿದು ಮೈಲಾರೆಪ್ಪ ಮನೆಗೆ ಬಂದಾಗ ರಾಣೇಬೆನ್ನೂರಿನಲ್ಲಿ ಇನ್ನೂ ಬಿಸಿಲಿತ್ತು. ಕೈಕಾಲು ಕೂಡ ತೊಳೆಯದೆ ಪಡಸಾಲೆಯಲ್ಲಿ ಕೂತುಬಿಟ್ಟ. ಚಹಾ ತಂದ ಹೆಂಡತಿ ಪ್ರೇಮವ್ವನಿಗೆ ಏನೋ ಕೆಟ್ಟಿದೆ ಎಂದು ಗೊತ್ತಾಯಿತು. ಆದರೆ ಕೇಳುವ ರೂಢಿ ಆ ಮನೆಯಲ್ಲಿರಲಿಲ್ಲ. ಕಾಲೇಜಿನಲ್ಲಿ ದಿನವಿಡೀ ಕಲ್ಲುಮಣ್ಣಿನ ಶಾಸ್ತ್ರ ಹೇಳುವ ಗಂಡ ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷ.

ಇವತ್ತು ಅವನೇ ಶುರುಮಾಡಿದ.

"ಕೆಲಸ ಕೆಟ್ಟತು, ಪ್ರೇಮಾ. ಎಂಟು ತಿಂಗಳ ಕಾದು ಬೆಂಗಳೂರಿನ ಮಷೀನು ಸಿಕ್ಕಿದ್ದು ಒಂದ ದಿನ."

ಹೆಸರು ಹಿಡಿದು ಕರೆದದ್ದಕ್ಕೇ ಅವಳು ಅಲ್ಲೇ ಕೂತಳು.

"ಕಲ್ಲಿಗೆ ಕ್ಷಕಿರಣ ಬಿಡ್ತಾರ. ಒಳಗಿನ ಎಲೆಕ್ಟ್ರಾನು ಸಿಡದು ಹೊರಗ ಬರ್ತಾವ. ಎಷ್ಟು ಜೋರ ಬಂದ್ವು ಅಂತ ಅಳದ್ರ, ಕಲ್ಲಿನಾಗಿನ ಕಬ್ಬಿಣ ಯಾರ ಕೈ ಹಿಡದೈತಿ, ಆಕ್ಸಿಜನ್ನಿಗೆ ಎರಡು ಎಲೆಕ್ಟ್ರಾನು ಕೊಟ್ಟೈತೋ ಮೂರೋ, ತಿಳೀತೈತಿ."

"ರೊಟ್ಟಿ ಸುಡೋ ಕಬ್ಬಿಣದ ಹಂಚಿಗೆ ಜಂಗ, ತುಕ್ಕು ಹಿಡೀತೈತಲ್ರಿ, ಹಂಗೇನು?"

ಮೈಲಾರೆಪ್ಪ ತಲೆಯೆತ್ತಿದ. "ಹಂಗ! ಖರೇನ ಹಂಗ. ಜಂಗಿನಾಗ ಮೂರು ಕೊಟ್ಟಿರತೈತಿ. ಐರಣಿ ಗುಡ್ಡದ ಕಲ್ಲಿನಾಗ ಎರಡ ಕೊಟ್ಟಿದ್ರ, ಕೋಟಿಗಟ್ಟಲೆ ವರ್ಷದ ಹಿಂದ ಅದು ಹುಟ್ಟಿದ ಸಮುದ್ರದಾಗ ಆಕ್ಸಿಜನ್ ಕಮ್ಮಿ ಇತ್ತು ಅಂತ ಬರೀತಿದ್ದೆ. ನನ್ನ ಪಿಎಚ್‌ಡಿ ಅದರ ಮ್ಯಾಲೇ ನಿಂತೈತಿ."

"ಮತ್ತ ಏನಾತು?"

"ಆ ಮಷೀನು ಕಲ್ಲಿನ ಮ್ಯಾಲಿನ ತೆಳ್ಳನ ಪದರಷ್ಟ ನೋಡತೈತಿ. ನಮ್ಮ ಕಲ್ಲಿನ ಮ್ಯಾಲೆ ಬರೇ ಎಣ್ಣಿ! ಗ್ರಾಫಿನಾಗ ಎಣ್ಣಿಯ ಇಂಗಾಲದ ಗೆರಿ ಬಿಟ್ಟು ಮತ್ತೇನೂ ಕಾಣವಲ್ದು. 'ಏನ್ ಸಾರ್, ಒಗ್ಗರಣೆ ಹಾಕ್ಕೊಂಡು ತಂದ್ರಾ?' ಅಂತ ಅಲ್ಲಿಯವರು ನಕ್ಕರು."

ಪ್ರೇಮವ್ವನ ಕೈ ಸೆರಗಿನೊಳಗೆ ಸರಿಯಿತು. ಹೊರಡುವ ಹಿಂದಿನ ಸಂಜೆ ಅವನು ಕಲ್ಲಿನ ಚೂರುಗಳ ಬಾಟಲಿಯನ್ನು ಗೋಡೆಯ ಮಾಡದಲ್ಲಿ ಇಟ್ಟಿದ್ದ. ಬ್ಯಾಡಗಿಯ ಅವಳ ತವರಿನಲ್ಲಿ ಹೊಳಪಿಗೆಂದು ಎಣ್ಣೆಯ ಕೈಯಾಡಿಸದೆ ಒಂದು ಮೆಣಸಿನಕಾಯಿಯೂ ಪೇಟೆಗೆ ಹೋಗುತ್ತಿರಲಿಲ್ಲ. ಬೆಂಗಳೂರಿಗೆ ಹೋಗುವ ಕಲ್ಲು ಹೀಗೆ ಮಂಕಾಗಿ ಹೋಗಬಾರದೆಂದು ಒಂದೊಂದನ್ನೂ ಎಣ್ಣೆಯ ಅಂಗೈಯಲ್ಲಿ ಉಜ್ಜಿ, ಒರೆಸಿ, ಮತ್ತೆ ಬಾಟಲಿಗೆ ಹಾಕಿದ್ದಳು. ಅವನ ಕೆಲಸದಲ್ಲಿ ಅವಳು ಕೈಯಿಟ್ಟದ್ದು ಅದೊಂದೇ ಸಲ.

"ಇದು ಅಜ್ಜಪ್ಪಂದ ಕೆಲಸ," ಎಂದ ಮೈಲಾರೆಪ್ಪ. ಅಜ್ಜಪ್ಪ ಕಾಲೇಜಿನ ಪ್ರಯೋಗಶಾಲೆಯ ಜವಾನ. "ಮಿರ್ಚಿ ಭಜಿ ತಿಂದ ಕೈಲೆ ಮುಟ್ಟ್ಯಾನ. ನಾಳೆ ಪ್ರಿನ್ಸಿಪಾಲರಿಗೆ ಬರದು ಕೊಡ್ತೇನಿ. ಕೆಲಸ ಬಿಡಿಸಿ ಅವನ್ನ ಮನಿಗೆ ಕಳಸ್ತಾರ."

"ಒಂದ ರಾತ್ರಿ ಇಲ್ಲೂ ಇದ್ವಲ್ರಿ."

"ಇಲ್ಲಿ ಯಾರು ಮುಟ್ಟತಾರ?"

ಮತ್ತೆ ಸಮುದ್ರದ ಮಾತಿಗೆ ಹೊರಳಿದ. ನಡುನಡುವೆ "ತಿಳೀತಿಲ್ಲೋ?" ಎಂದು ಕೇಳುತ್ತಿದ್ದ. ತಾನು ಸುಮ್ಮನಿದ್ದರೆ ನಾಳೆಯೂ ಹೀಗೇ ಎದುರಿಗೆ ಕೂತು ಮಾತಾಡುತ್ತಾನೆ, ನಾಡಿದ್ದೂ. ಆದರೆ ಹೋದ ವರ್ಷ ಅವಳು ಜ್ವರದಲ್ಲಿ ಬಿದ್ದಾಗ ಎರಡು ಹೊತ್ತು ಗಂಜಿ ತಂದುಕೊಟ್ಟವರು ಅಜ್ಜಪ್ಪನ ಮನೆಯವರು.

"ಅಜ್ಜಪ್ಪ ಅಲ್ರಿ. ನಾನ ಎಣ್ಣಿ ಹಚ್ಚೇನಿ. ಚಂದ ಕಾಣ್ಲಿ ಅಂತ."

ಅವನ ಮಾತು ಅರ್ಧಕ್ಕೇ ನಿಂತಿತು. ಎದ್ದು ಕೋಣೆಗೆ ಹೋಗಿ ಕದ ಎಳೆದುಕೊಂಡ.

ಪ್ರೇಮವ್ವ ಬೈಗುಳಕ್ಕೆ ಕಾದಳು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಕತ್ತಲಾದ ಮೇಲೆ ತಾಟು ಹಾಕಿ ಕರೆದಳು. ಅವನು ಮೊದಲಿನಂತೆಯೇ ಬಂದು, ಉಂಡು, ಕೈತೊಳೆದು ಹೋದ.