ಏಪ್ರಿಲ್ ಹದಿನಾಲ್ಕರ ನಡಿಗೆ

"ಅಪ್ಪ, ಶೂ ಕಚ್ತಿದೆ," ಎಂದು ಭಾನುಪ್ರಕಾಶ ರಸ್ತೆ ಬದಿಯ ಜಲ್ಲಿ ರಾಶಿಯ ಮೇಲೆ ಕೂತೇಬಿಟ್ಟ.

ನರಸಿಂಹಮೂರ್ತಿ ವಾಚು ನೋಡಿಕೊಂಡ. ನಡಿಗೆ ಶುರುವಾಗಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಚಿಕ್ಕಬಳ್ಳಾಪುರ ಏಳು ಕಿಲೋಮೀಟರ್ ಆಚೆಗಿತ್ತು. ಎಂಟೂವರೆಯ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಹೈವೇ ಅಗಲ ಮಾಡುತ್ತೇವೆಂದು ಎರಡೂ ಬದಿಯ ಹುಣಿಸೇಮರಗಳನ್ನು ಉರುಳಿಸಿದ್ದರು. ನೆರಳು ಅನ್ನುವುದು ಲಾರಿ ಪಕ್ಕದಲ್ಲಿ ಹಾದುಹೋದಾಗ ಸಿಕ್ಕಿದಷ್ಟೇ.

"ಏಳೋ. ನಾನು ಹನ್ನೊಂದು ವರ್ಷದವನಿದ್ದಾಗ ಈ ದಾರಿ ಪೂರ್ತಿ ನಡೆದಿದ್ದೀನಿ, ಬರಿಗಾಲಲ್ಲಿ."

"ಗೊತ್ತಪ್ಪ," ಎಂದಳು ಮಗಳು ಸಂಘಮಿತ್ರ. "ತಾತನ ತಲೆ ಮೇಲೆ ತಗಡಿನ ಪೆಟ್ಟಿಗೆ. ಬಸ್ಸಿಗೆ ದುಡ್ಡಿರಲಿಲ್ಲ. ಮೂರು ವರ್ಷದಿಂದ ಕೇಳ್ತಿದೀನಿ. ಆದ್ರೆ ಹಾಸ್ಟೆಲ್ ಶುರುವಾಗೋದು ಜೂನ್‌ನಲ್ಲಿ ಅಲ್ವಾ? ಅವತ್ತು ಮೋಡ ಇತ್ತು ಅನ್ಸುತ್ತೆ."

ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರಿಗೆ ಸ್ವಂತ ಮಗಳ ಬಾಯಿ ಮುಚ್ಚಿಸಲು ಬರುತ್ತಿರಲಿಲ್ಲ. ಮೂರ್ತಿ ಹಲ್ಲು ಕಚ್ಚಿಕೊಂಡು ಮಗನ ಶೂ ಬಿಚ್ಚಿ, ಕರ್ಚೀಫು ಮಡಿಸಿ ಹಿಮ್ಮಡಿಯ ಹತ್ತಿರ ತುರುಕಿದ.

ಈ ನಡಿಗೆ ಅವರ ಮನೆಯ ಹಬ್ಬ. ಸಂಘಮಿತ್ರ ಹುಟ್ಟುವ ಹಿಂದಿನ ವರ್ಷ ಮೂರ್ತಿ ಬೌದ್ಧ ದೀಕ್ಷೆ ತೆಗೆದುಕೊಂಡು, ಗೋಡೆಯ ಮೇಲಿದ್ದ ದೇವರ ಪಟಗಳನ್ನೆಲ್ಲ ಇಳಿಸಿದ್ದ. ಪಟ ಇಳಿಸುವುದೇನೋ ಸುಲಭ. ಅವುಗಳ ಜೊತೆಗೆ ಯುಗಾದಿಯ ಹೋಳಿಗೆ, ಗೌರಿಹಬ್ಬದ ಬಳೆ, ದೀಪಾವಳಿಯ ಪಟಾಕಿ ಎಲ್ಲವೂ ಇಳಿದುಹೋದವು. ಅಕ್ಕಪಕ್ಕದ ಮನೆಗಳಲ್ಲಿ ಹಬ್ಬವಾಗುವ ದಿನ ಮಕ್ಕಳು ಕಾಂಪೌಂಡಿಗೆ ಗದ್ದ ಆನಿಸಿಕೊಂಡು ನೋಡುತ್ತ ನಿಂತರೆ ಮೂರ್ತಿಯ ಕರುಳು ಚುರ್ ಎನ್ನುತ್ತಿತ್ತು. ಹಾಗಾಗಿ ತಾನೇ ಒಂದು ಹಬ್ಬ ಕಟ್ಟಿದ. ಬಾಬಾಸಾಹೇಬರ ಜಯಂತಿಯ ಬೆಳಿಗ್ಗೆ ಪೆರೇಸಂದ್ರದಿಂದ ಚಿಕ್ಕಬಳ್ಳಾಪುರದಲ್ಲಿ ಜಯಂತಿಯ ಸಭೆ ನಡೆಯುವ ಭವನದವರೆಗೆ, ಅಪ್ಪ ತನ್ನನ್ನು ಹಾಸ್ಟೆಲಿಗೆ ಸೇರಿಸಲು ಕರೆತಂದ ದಾರಿಯಲ್ಲೇ, ಮಕ್ಕಳನ್ನು ನಡೆಸುವುದು. ಹಬ್ಬವೆಂದರೆ ತಿನ್ನುವುದಲ್ಲ, ನೆನೆಯುವುದು ಎಂದು ಅವನ ವಾದ. ಮೊದಲ ವರ್ಷ ಹದಿನೇಳು ಕಿಲೋಮೀಟರ್ ನಡೆದು ಭಾನುಪ್ರಕಾಶನಿಗೆ ಜ್ವರ ಬಂದಾಗ ಹೆಂಡತಿ ತನುಜ, "ನಿಮ್ಮ ನೆನಪಿಗೆ ನನ್ನ ಮಗ ಮಲಗ್ಬೇಕಾ?" ಎಂದು ಜಗಳ ತೆಗೆದಳು. ಅಂದಿನಿಂದ ಅರ್ಧ ದಾರಿ ಆಟೋ, ಅರ್ಧ ದಾರಿ ನೆನಪು.

ಈ ವರ್ಷ ಮಾತ್ರ ಮೂರ್ತಿ ಬಹಳ ಹುರುಪಿನಲ್ಲಿ ಹೊರಟಿದ್ದ. ಊರಿನಲ್ಲೇ ಇರುವ ಅಪ್ಪ ನರಸಿಂಹಪ್ಪ, ಎಪ್ಪತ್ತೆರಡರ ಮುದುಕ, "ನಾನೂ ಬರ್ತೀನಿ" ಎಂದು ತಾನಾಗಿ ಹೆಗಲಿಗೆ ಟವೆಲ್ ಹಾಕಿಕೊಂಡಿದ್ದ. ಕಥೆ ಹೇಳುವವನ ಬದಲು ಕಥೆಯೇ ಎದ್ದು ನಡೆದುಬಂದರೆ ಮಕ್ಕಳ ಮನಸ್ಸು ಕರಗದೆ ಎಲ್ಲಿ ಹೋದೀತು?

ಕರಗಲೇಬೇಕಾಗಿತ್ತು. ಹೋದ ತಿಂಗಳು ನರಸಿಂಹಪ್ಪ ಮೊಮ್ಮಗಳಿಗೆಂದು ಸಂತೆಯಲ್ಲಿ ಸ್ಕೂಲ್ ಬ್ಯಾಗು ಕೊಂಡು ತಂದಿದ್ದ. ಅದರ ಮೇಲೆ ಬಾತುಕೋಳಿಯ ಚಿತ್ರ. ಒಂಬತ್ತನೇ ಕ್ಲಾಸು ಮುಗಿಸಿದ ಹುಡುಗಿ "ಥ್ಯಾಂಕ್ಸ್ ತಾತ" ಎಂದು ಅವನ ಕಣ್ಣೆದುರಿಗೇ ಅದನ್ನು ಬೀರುವಿನ ಮೇಲಕ್ಕೆ ಎಸೆದಳು. ಮುದುಕ ನಕ್ಕ. ಆ ನಗು ಮೂರ್ತಿಯನ್ನು ಇವತ್ತಿಗೂ ಚುಚ್ಚುತ್ತಿತ್ತು. ಇಂದು ಭವನದಲ್ಲಿ ನಾಲ್ಕು ಜನರ ಮುಂದೆ ಅವಳು ತಾತನಿಗೆ ಮನಸಾರೆ ಒಂದು ಮಾತು ಹೇಳಬೇಕು. ಹೇಳಲು ಬಾರದಿದ್ದರೆ ಎಂದು ಚೀಟಿಯಲ್ಲಿ ಬರೆದೂ ಕೊಟ್ಟಿದ್ದ.

"ಇನ್ನೊಂದ್ಸಲ ಹೇಳಮ್ಮ."

"ನನ್ನ ತಾತನವರು ಪಟ್ಟ ಕಷ್ಟದಿಂದಲೇ ಇಂದು ನಮ್ಮ ಕುಟುಂಬ ಈ ಸ್ಥಿತಿಗೆ ಬಂದಿದೆ ಅವರಿಗೆ ನಾವು ಸದಾ ಋಣಿಗಳು," ಸಂಘಮಿತ್ರ ಒಂದೇ ಉಸಿರಿಗೆ ಮಗ್ಗಿಯಂತೆ ಒಪ್ಪಿಸಿದಳು.

"ಮನಸಿಂದ ಹೇಳು."

"ಬರೆದಿದ್ದು ನಿಮ್ಮ ಮನಸಿಂದ. ನಾನ್ಹೇಗೆ ಹೇಳ್ಲಿ?"

ಮೂರ್ತಿ ಅಪ್ಪನ ಕಡೆ ತಿರುಗಿದ. ನರಸಿಂಹಪ್ಪ ಬೇಲಿಯಾಚೆಯ ದ್ರಾಕ್ಷಿ ತೋಟ ನೋಡುತ್ತ ನಿಂತಿದ್ದ.

"ಈ ತೋಟ ಮುನಿನಾರಾಯಣಪ್ಪಂದು. ಹೋದ ವರ್ಷ ಕಾಯೆಲ್ಲಾ ಮಳೆಗೆ ಹೋಯ್ತು, ಪಾಪ," ಎಂದ.

"ತೋಟ ಇರ್ಲಿ ಅಪ್ಪ. ಅವತ್ತು ಹೇಗಿತ್ತು ಅಂತ ಮಕ್ಕಳಿಗೆ ಹೇಳು."

"ಏನೈತೆ ಹೇಳಾದು? ನಡೆದ್ವಿ. ಅಷ್ಟೇ."

"ಪೆಟ್ಟಿಗೆ ಎಷ್ಟು ಭಾರ ಇತ್ತು, ಅದನ್ನಾದ್ರೂ ಹೇಳು."

"ಪೆಟ್ಟಿಗೇಲಿ ಏನಿತ್ತಪ್ಪ? ಎರಡು ಚಡ್ಡಿ, ಒಂದು ತಟ್ಟೆ. ಹೂವಿನಂಗಿತ್ತು."

ಭಾನುಪ್ರಕಾಶ ಕಿಸಕ್ಕನೆ ನಕ್ಕ. ಅಕ್ಕನಿಗೂ ತಡೆಯಲಾಗಲಿಲ್ಲ. ಮೂರು ವರ್ಷದಿಂದ ಮೂರ್ತಿಯ ಕಥೆಯಲ್ಲಿ ತಾತನ ಕತ್ತು ಮುರಿಯುವಷ್ಟು ಭಾರವಾಗಿದ್ದ ಪೆಟ್ಟಿಗೆ ಹೀಗೆ ನಡುರಸ್ತೆಯಲ್ಲಿ ಹಗುರಾಗಿಹೋಯಿತು. ಮೂರ್ತಿಗೆ ರೇಗಿತು.

"ನಗೋದೇನಿದೆ ಇದ್ರಲ್ಲಿ? ಈ ಮನುಷ್ಯ ಅವತ್ತು ನಡೀದೇ ಇದ್ದಿದ್ರೆ ನೀವು ಇವತ್ತು ಯಾರದೋ ಹೊಲದಲ್ಲಿ ಕಳೆ ಕೀಳ್ತಾ ಇರ್ತಿದ್ರಿ! ಕೂತಲ್ಲಿಗೆ ಊಟ, ಕೇಳಿದ್ದೆಲ್ಲಾ ಬರ್ತಿದೆ. ಒಂದು ಚೂರು ಋಣದ ನೆನಪಿಲ್ಲ ನಿಮಗೆ!"

ರಸ್ತೆ ಕೆಲಸದ ಇಬ್ಬರು ಹೆಂಗಸರು ಬಾಂಡ್ಲಿ ಕೆಳಗಿಟ್ಟು ನೋಡಿದರು. ಸಂಘಮಿತ್ರ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಪ್ಪನ ಅಂಗಿಯ ಜೇಬಿಗೆ ತುರುಕಿದಳು.

"ನೀವೇ ಓದಿ. ನಾನು ಓದಲ್ಲ."

ಮೂರ್ತಿಯ ಕೈ ಮೇಲೆದ್ದಿತು. ಮಗಳಿಗೆ ಬಾರಿಸುವುದಕ್ಕೇ ಎದ್ದಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಕಿರ್ರೆಂದು ಬ್ರೇಕು ಬಿದ್ದು, ಮೈಮೇಲೆಲ್ಲ ಧೂಳು ಬಂತು. ನೋಡಿದರೆ ನರಸಿಂಹಪ್ಪ ಟಾರಿನ ಅಂಚಿಗೆ ಹೋಗಿ ಕೈ ಅಡ್ಡ ಹಿಡಿದಿದ್ದಾನೆ, ಅವನ ಮುಂದೆ ಒಂದು ಬಸ್ಸು ನಿಂತಿದೆ.

"ಚಿಕ್ಕಬಳ್ಳಾಪುರ, ಚಿಕ್ಕಬಳ್ಳಾಪುರ! ಬೇಗ ಹತ್ತು ತಾತ," ಕಂಡಕ್ಟರ್ ಕೂಗಿದ.

"ಹತ್ತಮ್ಮ. ನೀನೂ ಹತ್ತೋ ಮರಿ."

ಶೂ ಕಚ್ಚಿಸಿಕೊಂಡಿದ್ದ ಹುಡುಗ ಎರಡೇ ನೆಗೆತಕ್ಕೆ ಒಳಗಿದ್ದ.

"ಅಪ್ಪ! ಏನು ಮಾಡ್ತಿದ್ದೀಯ? ನಾವು ನಡೀಬೇಕು!"

"ನೀನು ನಡ್ಕೊಂಡು ಬಾರಪ್ಪ. ಯಾರು ಬೇಡ ಅಂದ್ರು?"

"ಸಾರ್, ಬರ್ತೀರಾ, ರೈಟ್ ಅನ್ಲಾ?" ಎಂದು ಕಂಡಕ್ಟರ್ ಅವಸರಪಡಿಸಿದ. ಮೂರ್ತಿ ಗೊಣಗುತ್ತ ಹತ್ತಿದ.

ನರಸಿಂಹಪ್ಪ ಕಿಟಕಿ ಪಕ್ಕ ಕೂತಿದ್ದ. ಅವನಿಗೆ ಅಂಟಿಕೊಂಡು ಸಂಘಮಿತ್ರ, ಆಮೇಲೆ ಭಾನುಪ್ರಕಾಶ. ಬೇರೆ ಸೀಟು ಖಾಲಿಯಿರಲಿಲ್ಲ. ಮೂರ್ತಿ ಕಂಬಿ ಹಿಡಿದು ಅವರ ಪಕ್ಕದಲ್ಲೇ ನಿಂತ. ಮುದುಕ ಬಸ್‌ಸ್ಟ್ಯಾಂಡಿಗೆಂದು ತಾನೇ ಎಲ್ಲರ ಟಿಕೆಟ್ಟು ಕೊಂಡು ಮುಷ್ಟಿಯಲ್ಲಿ ಭದ್ರವಾಗಿ ಹಿಡಿದುಕೊಂಡ.

"ನೀನೇ ಹೀಗೆ ಕೆಡಿಸಿದ್ರೆ ಹೇಗಪ್ಪ?" ಮೂರ್ತಿ ಬಗ್ಗಿ, ಆದಷ್ಟು ಮೆಲ್ಲಗೆ ಕೇಳಿದ. "ಬಸ್ಸಿಗೆ ದುಡ್ಡಿಲ್ದೆ ನಡೆಸ್ಕೊಂಡು ಬಂದ್ಯಲ್ಲ, ಅದು ಇವರಿಗೆ ತಿಳೀಲಿ ಅಂತ ನಾನು ಒದ್ದಾಡ್ತಿದೀನಿ."

"ದುಡ್ಡಿತ್ತಲ್ಲ," ಎಂದ ನರಸಿಂಹಪ್ಪ, ಹೊರಗೆ ನೋಡುತ್ತ. "ನಿಮ್ಮಮ್ಮ ಕೋಳಿ ಮಾರಿ ಕೊಟ್ಟಿದ್ಲು. ಪಂಚೆ ಗಂಟಿನಲ್ಲಿ ಕಟ್ಕೊಂಡಿದ್ದೆ."

"ಮತ್ತೆ ಯಾಕೆ ನಡೆದೆ ತಾತ?" ಕೇಳಿದವಳು ಸಂಘಮಿತ್ರ.

"ನಿಲ್ಲಿಸ್ಬೇಕಲ್ಲಮ್ಮ. ನಾವು ನಿಂತಿದ್ದು ನಮ್ಮ ಕೇರಿ ಮುಂದೆ. ಒಂದು ಬಸ್ ಬಂತು, ಕೈ ಎತ್ತಿದೆ, ಹೋಯ್ತು. ಇನ್ನೊಂದು ಬಂತು, ಅದೂ ಹೋಯ್ತು. ಮೂರನೇದ್ರ ಡ್ರೈವರ್ರು ನನ್ನ ಮುಖ ನೋಡ್ದ. ನೋಡಿ, ಇನ್ನೂ ಜೋರಾಗಿ ಓಡಿಸ್ದ. ಒಳಗೆ ಸೀಟೆಲ್ಲಾ ಖಾಲಿ."

ಸಂಘಮಿತ್ರ ಪೂರ್ತಿ ತಾತನ ಕಡೆಗೆ ತಿರುಗಿ ಕೂತಳು.

"ಇನ್ನೊಂದು ಗಳಿಗೆ ನಿಂತಿದ್ರೆ, ಯಾಕೆ ನಿಲ್ಲಿಸ್ತಿಲ್ಲ ಅಂತ ನಿಮ್ಮಪ್ಪಂಗೆ ಗೊತ್ತಾಗ್ಬಿಡ್ತಿತ್ತು. ಅದಕ್ಕೆ, ಬಾರಪ್ಪ, ನಡ್ಕೊಂಡು ಹೋಗಣ, ಚೆನ್ನಾಗಿರ್ತದೆ ಅಂದೆ. ದಾರಿ ಉದ್ದಕ್ಕೂ ಹಾಡು ಹೇಳ್ಕೊಂಡು ಬಂದ ಇವನು."

ಮೂರ್ತಿಗೆ ಎಲ್ಲವೂ ನೆನಪಿತ್ತು. ಹಾಡಿದ್ದು ನಿಜ. ಚೆನ್ನಾಗಿರ್ತದೆ ಎಂದು ಅಪ್ಪ ಹೇಳಿದ್ದೂ ನಿಜ, ಆ ಧ್ವನಿ ಕೂಡ ಕಿವಿಯಲ್ಲಿತ್ತು. ಮೂವತ್ತನಾಲ್ಕು ವರ್ಷ ಅದನ್ನು ಬಡತನ ಎಂದುಕೊಂಡಿದ್ದ. ಹೆಮ್ಮೆಯಿಂದ ಭಾಷಣಗಳಲ್ಲಿ ಹೇಳಿದ್ದ, ಮಕ್ಕಳ ತಲೆಗೆ ತುಂಬಿದ್ದ. ಮುದುಕನ ಮೇಲೆ ತಡೆಯಲಾರದ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ವಲ್ಲಪ್ಪ ನೀನು."

"ಹೇಳಿ ಏನ್ಮಾಡಾದು? ನೀನು ಚೆನ್ನಾಗಿ ಓದ್ಕೊಂಡಿದ್ದೆ."

"ಇವತ್ತು ಮತ್ತೆ ನಡೆಯಕ್ಕೆ ಯಾಕೆ ಬಂದೆ?"

"ನಡೆಯಕ್ಕೆ ಯಾರು ಬಂದ್ರು?" ನರಸಿಂಹಪ್ಪನಿಗೆ ಮೊದಲ ಸಲ ಕೋಪ ಬಂದಂತಿತ್ತು. "ಮೂರು ವರ್ಷದಿಂದ ಕೇಳ್ತಿದೀನಿ, ಮಕ್ಕಳ್ನ ಬಿಸ್ಲಲ್ಲಿ ನಡೆಸ್ತಾನೆ ಅಂತ. ಈ ದಾರೀಲಿ ಬಸ್ಸಲ್ಲಿ ಕೂರಿಸ್ಕೊಂಡು ಹೋಗಣ ಅಂತ ಬಂದೆ."

ನಾಲ್ವರೂ ನಡೆಯಬೇಕಿದ್ದ ಕಿಲೋಮೀಟರ್ ಕಲ್ಲುಗಳು ಒಂದೊಂದಾಗಿ ಹಿಂದಕ್ಕೆ ಹೋದವು. ಊರು ಬಂತು, ನೀಲಿ ಬಾವುಟಗಳು ಕಾಣಿಸಿದವು, ಮೈಕಿನಲ್ಲಿ ಯಾರೋ "ಹಲೋ, ಹಲೋ" ಎನ್ನುತ್ತಿದ್ದರು.

"ಭವನ, ಭವನ! ಇಳಿಯೋರು ಬನ್ನಿ."

ಮುಂದಿನ ಸೀಟುಗಳವರು ಎದ್ದು ಇಳಿದರು. "ಬಾಪ್ಪ, ಇಳಿಯಣ. ಕಾರ್ಯಕ್ರಮ ಶುರುವಾಗುತ್ತೆ," ಎಂದ ಮೂರ್ತಿ.

"ಟಿಕೆಟ್ಟು ಬಸ್‌ಸ್ಟ್ಯಾಂಡಿನವರ್ಗೂ ಐತಲ್ಲ," ಎಂದ ಮುದುಕ. ಮಗ ಬಾಗಿಲಿನತ್ತ ತಿರುಗಿದ್ದನ್ನು ಕಂಡು, ಟವೆಲ್ ಸರಿಮಾಡಿಕೊಂಡು ಒಲ್ಲದ ಮನಸ್ಸಿನಿಂದ ಅರ್ಧ ಎದ್ದ. ಸಂಘಮಿತ್ರ ಅವನ ತೋಳು ಹಿಡಿದು ಮತ್ತೆ ಕಿಟಕಿ ಪಕ್ಕ ಕೂರಿಸಿದಳು. ಆಮೇಲೆ ಅಪ್ಪನ ಪಕ್ಕದಿಂದ ಬಾಗಿಲ ಕಡೆ ಕತ್ತು ಚಾಚಿದಳು.

"ನಾವು ಇಲ್ಲಿ ಇಳಿಯಲ್ಲ. ರೈಟ್!"

ಕಂಡಕ್ಟರ್ ಮೂರ್ತಿಯ ಮುಖ ನೋಡಿದ. ಮೂರ್ತಿ ಹಿಡಿದಿದ್ದ ಕಂಬಿ ಬಿಟ್ಟು, ಮುಂದಿನ ಖಾಲಿ ಸೀಟಿನಲ್ಲಿ ಕೂತ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಭವನದ ಮೈಕು ಸ್ವಲ್ಪ ದೂರದವರೆಗೆ ಕೇಳಿಸುತ್ತಿತ್ತು.