ಐದನೇ ಸ್ಟ್ಯಾಂಡ್

"ಹಿಂದಗಡೆ ಇನ್ನೊಂಚೂರು ಎತ್ತು. ಚೂರೇ ಚೂರು. ಆತುರ ಮಾಡ್ಬೇಡ."

ಪೇಂಟರ್ ನೆಲಕ್ಕೆ ಕೆನ್ನೆಯಿಟ್ಟು ಕಾರಿನ ಅಡಿಯನ್ನು ನೋಡುತ್ತಿದ್ದ. ಪಕ್ಕದ ಅಂಗಡಿಯ ಇಬ್ಬರು ಜ್ಯಾಕಿನ ಹಿಡಿಕೆಗಳನ್ನು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದರು. ಕಾರಿಗೆ ಇನ್ನೂ ಸೀಟಿರಲಿಲ್ಲ. ಬಲಗಡೆ, ಬರಿ ತಗಡಿನ ಮೇಲೆ ಮಗುಚಿಟ್ಟ ಪ್ರೈಮರ್ ಡಬ್ಬದ ಮೇಲೆ ಕೂತು ಮಗಳು ಸ್ಟಿಯರಿಂಗ್ ಹಿಡಿದಿದ್ದಳು. ಹಿಂದಿನ ಕೋಣೆಯಲ್ಲಿ ಅವಳ ಅಪ್ಪ ಪೆಟ್ಟಿಗೆಯೊಳಗೆ ಮಲಗಿದ್ದ.

ಮನೆ ಇದ್ದದ್ದು ಗ್ಯಾರೇಜಿನ ಹಿಂದೆ. ಬೀದಿಗೆ ಬರಲು ಗ್ಯಾರೇಜನ್ನು ದಾಟಿಯೇ ಬರಬೇಕು. ಕಾರಿಗೂ ಗೋಡೆಗೂ ನಡುವೆ ಒಬ್ಬರು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆದರೆ ಆಗುತ್ತಿತ್ತು. ಪೆಟ್ಟಿಗೆ ಹೊತ್ತ ನಾಲ್ವರಿಗೆ ಆಗುತ್ತಿರಲಿಲ್ಲ. ಹಾಗಾಗಿ ಮೊದಲು ಕಾರು ಹೊರಗೆ ಹೋಗಬೇಕಿತ್ತು.

"ಬದುಕಿದ್ದಾಗ ಈ ಕಾರು ನಮಗೆ ದಾರಿ ಬಿಡ್ಲಿಲ್ಲ. ಈಗ ನೋಡು, ಅವನಿಗೂ ಬಿಡ್ತಿಲ್ಲ," ಎಂದಳು ಅತ್ತೆ ಬಾಗಿಲಲ್ಲಿ ನಿಂತು. ಅವಳು ಸತ್ತವನ ತಂಗಿ. ಅತ್ತಿಗೆ ತೀರಿಕೊಂಡ ಮೇಲೆ ಈ ಮನೆಯ ಅಡುಗೆಯೂ ಬೈಗುಳವೂ ಅವಳದೇ.

"ಬಿಡತ್ತೆ ತಾಯಿ, ಬಿಡತ್ತೆ. ಇವತ್ತು ಸಂಜೆಗೆ ಪೂರಾ ಬಿಡತ್ತೆ," ಎಂದ ಪೇಂಟರ್, ತಲೆ ಎತ್ತದೆ.

ಸಂಜೆ ನಾಲ್ಕಕ್ಕೆ ಕ್ರೇನ್ ಬರುವುದಿತ್ತು. ಕಾರನ್ನು ಪೇಂಟರನ ಶೆಡ್ಡಿಗೆ ಸಾಗಿಸುವುದು ಸೋಮವಾರವೇ ಗೊತ್ತಾದ ಮಾತು. ಅರವತ್ತು ವರ್ಷ ಹಳೆಯ, ಎರಡೇ ಸೀಟಿನ, ಮೇಲ್ಛಾವಣಿ ಇಲ್ಲದ ಸ್ಪೋರ್ಟ್ಸ್ ಕಾರು ಅದು. ಅದರ ಯಜಮಾನರು ಹಲ್ಲಿನ ಡಾಕ್ಟರು. ಬಣ್ಣ ಮುಗಿದು ಕಾರು ಕೈಗೆ ಬಂದರೆ ತಮ್ಮ ಇಬ್ಬರು ಸ್ನೇಹಿತರ ಹಳೇ ಕಾರುಗಳನ್ನೂ ಇದೇ ಗ್ಯಾರೇಜಿಗೆ ಕಳಿಸುವುದಾಗಿ ಅವರು ಮಗಳಿಗೆ ಮಾತು ಕೊಟ್ಟಿದ್ದರು. ಅದೊಂದು ಮಾತಿನ ಮೇಲೆ ಗ್ಯಾರೇಜು ನಿಂತಿತ್ತು. ಅಪ್ಪನಿಲ್ಲದ ಮೇಲೆ, ಹೆಂಗಸೊಬ್ಬಳು ತಗಡು ಬಡಿಯುವ ಕಡೆ ಕಾರು ತಂದು ನಿಲ್ಲಿಸುವವರು ಬೇರೆ ಯಾರೂ ಇರಲಿಲ್ಲ.

ಕಾರನ್ನು ಎತ್ತಿ ನಿಲ್ಲಿಸಿದ್ದ ಐದು ಕಬ್ಬಿಣದ ಸ್ಟ್ಯಾಂಡುಗಳಲ್ಲಿ ಮುಂದಿನ ಎರಡನ್ನು ತೆಗೆದರು. ಹಿಂದಿನ ಎರಡು ತೆಗೆದರು. ಐದನೆಯದು ಬಲಬಾಗಿಲ ನೇರ ಕೆಳಗಿತ್ತು. ಅದಕ್ಕೆ ಕೈ ಹಾಕುವ ಮೊದಲು ಪೇಂಟರ್ ಯಾಕೋ ಸ್ವಲ್ಪ ಹೊತ್ತು ಹಾಗೇ ಬಿದ್ದಿದ್ದ.

"ಏನಾಯ್ತು ಮಾಮ?"

"ಏನಿಲ್ಲ. ಬಾಗಿಲು ಹಾಕಿದೀಯಾ?"

"ಹಾಕಿದೀನಿ."

ಅವನು ಸ್ಟ್ಯಾಂಡ್ ಎಳೆದ. ಜ್ಯಾಕುಗಳು ಉಸಿರು ಬಿಟ್ಟವು. ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಕಾರಿನ ಭಾರ ಚಕ್ರಗಳ ಮೇಲೆ ಬಿತ್ತು. ಮಗಳ ಮೊಣಕೈ ಪಕ್ಕದಲ್ಲೇ ತಗಡಿಗೆ ತಗಡು ಕಚ್ಚಿಕೊಂಡ ಸದ್ದಾಯಿತು.

ಆರು ಜನ ಸೇರಿ ಕಾರನ್ನು ಬೀದಿಗೆ ತಳ್ಳಿದರು. ಬಣ್ಣ ಕೆರೆದು ಎಣ್ಣೆ ಸವರಿದ ಬರಿಮೈ ತಗಡು ಬಿಸಿಲಿಗೆ ಬಂದಾಗ ನಿಂತಿದ್ದವರೆಲ್ಲ ಒಂದು ಕ್ಷಣ ಮಾತು ನಿಲ್ಲಿಸಿದರು. ಎಲ್ಲೂ ಒಂದು ಅಲೆಯಿಲ್ಲ, ಒಂದು ತಗ್ಗಿಲ್ಲ.

ಮಗಳು ಬಾಗಿಲು ತಳ್ಳಿದಳು. ಅದಕ್ಕಿನ್ನೂ ಬೀಗ ಕೂರಿಸಿರಲಿಲ್ಲ, ಬೆರಳಲ್ಲಿ ನೂಕಿದರೆ ತೆರೆಯಬೇಕು. ತೆರೆಯಲಿಲ್ಲ. ಭುಜ ಕೊಟ್ಟಳು. ಮೇಲಂಚಿನಲ್ಲಿ, ಬಾಗಿಲಿಗೂ ಹಿಂದಿನ ಚಕ್ರದ ಮೇಲಿನ ತಗಡಿಗೂ ನಡುವೆ ಉದ್ದಕ್ಕೂ ನಾಲ್ಕು ಮಿಲಿಮೀಟರ್ ಇದ್ದ ಸಂದು ಈಗ ಕೂದಲೆಳೆಯಷ್ಟೂ ಇರಲಿಲ್ಲ.

"ಬಾರಮ್ಮ, ಎತ್ತೋ ಹೊತ್ತಾಯ್ತು," ಎಂದರು ಯಾರೋ.

ಅವಳು ಬಾಗಿಲ ಮೇಲಿಂದ ಕಾಲು ಹಾಕಿ ಇಳಿದಳು.

*

ಏಳು ವರ್ಷದ ಹಿಂದೆ ಆ ಕಾರು ಬಂದಾಗ ಅದರೊಳಗೆ ಕೋಳಿಗಳು ಮೊಟ್ಟೆಯಿಟ್ಟ ಹುಲ್ಲಿತ್ತು. ಡಾಕ್ಟರು ಅದನ್ನು ಯಾರದೋ ಕೋಳಿಶೆಡ್ಡಿನಿಂದ ಬಿಡಿಸಿ ತಂದಿದ್ದರು. ಅಪ್ಪ ಚೂಪು ಸುತ್ತಿಗೆಯಲ್ಲಿ ಅಲ್ಲಲ್ಲಿ ಕುಟ್ಟಿದ. ಐದು ಕಡೆ ಸುತ್ತಿಗೆ ಒಳಗೇ ಹೋಯಿತು.

"ಹಿಂದೆ ಯಾವನೋ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದಾನೆ ಡಾಕ್ಟ್ರೇ. ಎಲ್ಲಾ ಕಿತ್ತು ಹೊಸ ತಗಡು ಹಾಕ್ಬೇಕು."

"ನಿಮ್ಮಿಬ್ಬರದ್ದೂ ಒಂದೇ ಕಸುಬು ಬಿಡಿ, ಹುಳುಕು ಕೆರೆಯೋದು," ಎಂದಿದ್ದ ಪೇಂಟರ್.

"ನಾನು ಕೆರೆದು ತುಂಬ್ತೀನಪ್ಪ. ಇವನು ತುಂಬೋದೂ ಇಲ್ವಲ್ಲ," ಎಂದು ಡಾಕ್ಟರು ನಕ್ಕಿದ್ದರು.

ನಿಜ. ಅಪ್ಪ ಪುಟ್ಟಿ ಮುಟ್ಟುತ್ತಿರಲಿಲ್ಲ. ಬೀದಿಯವರು ಅವನನ್ನು ತಗಡಣ್ಣ ಎಂದೇ ಕರೆಯುತ್ತಿದ್ದರು. ತಗ್ಗಿದ್ದರೆ ಹಿಂದಿನಿಂದ ಕಬ್ಬಿಣದ ಗುಂಡಿಟ್ಟು ಮುಂದಿನಿಂದ ಮೆಲ್ಲಗೆ ಬಡಿದು ತಗಡನ್ನೇ ಸಮಕ್ಕೆ ತರುತ್ತಿದ್ದ. ಆಮೇಲೆ ಕಣ್ಣು ಮುಚ್ಚಿ ಎಡ ಅಂಗೈ ಸವರುತ್ತಿದ್ದ. ಕೆಲಸ ಸರಿಯಿದ್ದರೆ "ಹ್ಞೂಂ" ಅನ್ನುತ್ತಿದ್ದ. ಅದಕ್ಕಿಂತ ಹೆಚ್ಚಿನ ಮಾತು ಹನ್ನೆರಡು ವರ್ಷ ಜೊತೆಗೆ ದುಡಿದ ಮಗಳಿಗೂ ಸಿಕ್ಕಿರಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪನ ಒಂದು ಕಣ್ಣಿಗೆ ಆಪರೇಷನ್ ಆಯಿತು. ಎಂಟು ದಿನ ಗ್ಯಾರೇಜಿಗೆ ಬರುವಂತಿರಲಿಲ್ಲ. ಕಾರಿನಲ್ಲಿ ಆಗ ಬಾಕಿಯಿದ್ದದ್ದು ಬಲಗಡೆಯ ಸಿಲ್. ಬಾಗಿಲ ಕೆಳಗೆ ಮುಂದಿನಿಂದ ಹಿಂದಕ್ಕೆ ಹೋಗುವ ಟೊಳ್ಳು ತೊಲೆ ಅದು. ಮೇಲ್ಛಾವಣಿ ಇರುವ ಕಾರಿನಲ್ಲಿ ಭಾರವನ್ನು ಚಾವಣಿಯೂ ಹಂಚಿಕೊಳ್ಳುತ್ತದೆ. ಇಂಥ ಕಾರಿನಲ್ಲಿ ಎಲ್ಲವೂ ಆ ಎರಡು ತೊಲೆಗಳ ಮೇಲೆ. ಅದಕ್ಕೇ ಅಪ್ಪ ಕೊಯ್ಯುವ ಮೊದಲು ಬಾಗಿಲ ತೆರಪಿಗೆ ಅಡ್ಡಲಾಗಿ ಎರಡು ಕಬ್ಬಿಣದ ಪೈಪು ಬೆಸೆದಿಟ್ಟಿದ್ದ.

ಅವನು ಬರುವಷ್ಟರಲ್ಲಿ ಮುಗಿಸಿ ತೋರಿಸಬೇಕೆಂಬ ಹಟ ಮಗಳಿಗೆ. ಹಳೇ ಸಿಲ್ ಕೊಯ್ದು ತೆಗೆದಳು, ಹೊಸದನ್ನು ಮಡಿಚಿ ತಯಾರಿಸಿದಳು, ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿದಳು. ಒಳಗಿನ ಮೂಲೆಗೆ ತಲೆ ತೂರಿಸಲು ಪೈಪುಗಳು ಅಡ್ಡ ಬಂದವು. ಚುಕ್ಕೆ ಬೆಸುಗೆ ಹಿಡಿದಿದೆಯಲ್ಲ, ಇನ್ನೇನು ಎಂದುಕೊಂಡಳು. ಪೈಪುಗಳನ್ನು ಕೊಯ್ದು ಬದಿಗಿಟ್ಟು ಮೂರು ದಿನ ಕೂತು ಪೂರ್ತಿ ಬೆಸೆದಳು. ಅಷ್ಟು ನೀಟಾದ ಬೆಸುಗೆಯನ್ನು ಅವಳು ಅದಕ್ಕೆ ಮುಂಚೆ ಹಾಕಿರಲಿಲ್ಲ.

ಒಂಬತ್ತನೇ ದಿನ ಅಪ್ಪ ಬಂದ. ಕಪ್ಪು ಕನ್ನಡಕ ತೆಗೆಯದೆ ಬೆಸುಗೆಯ ಉದ್ದಕ್ಕೂ ಅಂಗೈ ಸವರಿದ. ಆಮೇಲೆ ಬಾಗಿಲು ಹಾಕಿ ಅದರ ಸಂದಿನ ಮೇಲೆ ಬೆರಳು ಆಡಿಸಿದ. ಮೇಲಂಚಿಗೆ ಬಂದಾಗ ಬೆರಳು ನಿಂತಿತು. ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು. ಅವನು ಅವಳ ಕಡೆ ತಿರುಗಿದ. ಬಹಳ ಹೊತ್ತು ನೋಡಿದ.

"ಚೆನ್ನಾಗಿದೆ," ಎಂದ.

ಅವಳು ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಆ ದಿನದ ಮೇಲೆ ಅವಳು ಒಂದು ದಿನವೂ ರಜೆ ಹಾಕಲಿಲ್ಲ.

*

ಮಣ್ಣು ಮಾಡಿದ ಮೇಲೆ ಜನ ಒಬ್ಬೊಬ್ಬರೇ ಗೇಟಿನ ಕಡೆ ನಡೆದರು. ಬೇಲಿಯ ಪಕ್ಕದ ನಲ್ಲಿಯಲ್ಲಿ ಪೇಂಟರ್ ಕೈ ತೊಳೆಯುತ್ತಿದ್ದ. ಮಗಳು ಬಂದು ಪಕ್ಕದಲ್ಲಿ ನಿಂತಳು.

"ಮಾಮ, ಬಾಗಿಲು ಯಾಕೆ ತೆರೀಲಿಲ್ಲ?"

"ಇವತ್ತು ಆ ಮಾತು ಬೇಡ ಕಣಮ್ಮ."

"ನಾಲ್ಕಕ್ಕೆ ಕ್ರೇನ್ ಬರತ್ತೆ."

ಅವನು ಉಗುರಿನ ಸಂದಿಯ ಮಣ್ಣನ್ನು ಕೆರೆಯುತ್ತಲೇ ಇದ್ದ. "ಆ ಐದನೇ ಸ್ಟ್ಯಾಂಡ್ ಯಾಕಿತ್ತು ಅಂತ ಯಾವತ್ತಾದ್ರೂ ಕೇಳಿದ್ಯಾ?"

"ಕೇಳ್ದೆ. ಕೆಳಗೆ ಮಲಗಿ ಕೆಲಸ ಮಾಡುವಾಗ ಭಯ ಅಂದ."

"ಭಯ! ನಾಲ್ಕು ಇಟ್ಟಿಗೆ ಮೇಲೆ ಲಾರಿ ನಿಲ್ಲಿಸಿ ಅದರಡಿ ನಿದ್ದೆ ಹೊಡೀತಿದ್ದ ಆಸಾಮಿ ಅವನು." ನಗಲು ನೋಡಿದ, ಆಗಲಿಲ್ಲ. "ನೀನು ಬೆಸೆದು ತೋರಿಸಿದ ದಿನ ಸಂಜೆ ನನ್ನ ಶೆಡ್ಡಿಗೆ ಬಂದಿದ್ದ. ಬಲಗಡೆ ಕೂತುಬಿಟ್ಟಿದೆ ಕಣೋ ಅಂದ. ಪೈಪ್ ತೆಗೆದ ತಕ್ಷಣ ನಡು ಇಳಿದಿದೆ, ಇಳಿದ ಹಾಗೇ ಬೆಸೆದಿದಾಳೆ. ಅಡಿಯಿಂದ ಜ್ಯಾಕ್ ಕೊಟ್ಟು ಎತ್ತಿದ್ರೆ ಸಂದು ಸರಿಯಾಗಿ ಕೂರತ್ತೆ. ಬಿಟ್ರೆ ಮತ್ತೆ ಇಳಿಯತ್ತೆ, ಅದಕ್ಕೇ ಅಲ್ಲೊಂದು ಸ್ಟ್ಯಾಂಡ್ ಕೊಟ್ಟಿದೀನಿ. ಪೂರಾ ಕೊಯ್ದು ಹೊಸದಾಗಿ ಬೆಸೀಬೇಕು, ಬೇರೆ ದಾರಿ ಇಲ್ಲ ಅಂದ."

ನಲ್ಲಿಯಿಂದ ನೀರು ಹರಿಯುತ್ತಲೇ ಇತ್ತು.

"ನಂಗೆ ಹೇಳ್ಬಹುದಿತ್ತಲ್ಲ."

"ನಾನೂ ಅದನ್ನೇ ಬಡ್ಕೊಂಡೆ. ಅವಳ ಮುಖ ನೋಡಿ ಚೆನ್ನಾಗಿದೆ ಅಂತ ಬಾಯಿಗೆ ಬಂದ್ಬಿಡ್ತು, ಈಗ ಹೆಂಗೆ ವಾಪಸ್ ತಗೊಳ್ಲಿ ಅಂದ. ಒಂದು ತಿಂಗಳು ಅವಳನ್ನ ಎಲ್ಲಿಗಾದ್ರೂ ಕಳಿಸಿ ಅಷ್ಟರಲ್ಲಿ ಸರಿ ಮಾಡಿಡ್ತೀನಿ, ಅವಳಿಗೆ ಗೊತ್ತೇ ಆಗ್ಬಾರ್ದು ಅಂದ."

"ನಾನೆಲ್ಲೂ ಹೋಗ್ಲಿಲ್ಲ."

"ಹೋಗ್ಲಿಲ್ಲ. ಭಾನುವಾರನೂ ಬಂದು ಕೂರ್ತಾಳೆ ಮಾರಾಯ ಅಂತಿದ್ದ. ಆಮೇಲೆ ಇನ್ನೊಂದು ಕಣ್ಣೂ ಮಂಜಾಯ್ತು. ಬೆಸುಗೆ ಕಾಣ್ತಿರಲಿಲ್ಲ. ಸುಮ್ನೆ ಉಜ್ಜಿದ್ದನ್ನೇ ಉಜ್ತಿದ್ದ."

ಅವಳಿಗೆ ಅದು ಗೊತ್ತಿತ್ತು. ಇನ್ನೂ ಎಷ್ಟು ಉಜ್ಜುತ್ತೀಯ, ಜನ ನಗುತ್ತಾರೆ ಎಂದು ಅವಳು ಅವನ ಮೇಲೆ ಕೂಗಾಡಿದ್ದಳು. ಕಳೆದ ಸೋಮವಾರ ಅವನಿಗೆ ಹೇಳದೆ ಡಾಕ್ಟರಿಗೆ ಫೋನ್ ಮಾಡಿ, ಕಾರು ತಯಾರಾಗಿದೆ, ಕ್ರೇನ್ ಕಳಿಸಿ ಎಂದವಳೂ ಅವಳೇ. ಸಂಗತಿ ತಿಳಿದಾಗ ಅಪ್ಪ ಬೈಯಲಿಲ್ಲ. ಯಾವತ್ತು ಬರುತ್ತೆ ಎಂದಷ್ಟೇ ಕೇಳಿದ. ಗುರುವಾರ ಬೆಳಗ್ಗೆ ಅತ್ತೆ ಗ್ಯಾರೇಜಿಗೆ ಕಾಫಿ ತೆಗೆದುಕೊಂಡು ಹೋದಾಗ ಅವನು ಕಾರಿನ ಬಲಗಡೆ ನೆಲದ ಮೇಲೆ ಒರಗಿದ್ದ. ಪಕ್ಕದಲ್ಲಿ ತಗಡು ಕೊಯ್ಯುವ ಗ್ರೈಂಡರ್ ಇತ್ತು. ವೈರು ಪ್ಲಗ್ಗಿಗೆ ಸಿಕ್ಕಿಸಿತ್ತು. ಹೃದಯ ಎಂದರು ಆಸ್ಪತ್ರೆಯವರು.

"ಗ್ರೈಂಡರ್ ಯಾಕೆ ತಗೊಂಡಿದ್ದ ಅಂತ ಯೋಚ್ನೆ ಮಾಡ್ತಿದ್ದೆ," ಎಂದಳು.

ಪೇಂಟರ್ ನಲ್ಲಿ ನಿಲ್ಲಿಸಿದ. "ಒಂದು ಮಾತು ಕೇಳು. ಬಾಗಿಲ ಅಂಚು ನಾಲ್ಕು ಮಿಲಿಮೀಟರ್ ಉಜ್ಜಿ ಹಾಕೋಣ. ಮೇಲೆ ಪುಟ್ಟಿ, ಪ್ರೈಮರ್, ಬಣ್ಣ. ಡಾಕ್ಟ್ರಿಗೆ ಏನೂ ಗೊತ್ತಾಗಲ್ಲ. ಇಬ್ರೂ ಬಾಯಿ ಮುಚ್ಕೊಂಡಿದ್ರೆ ಆಯ್ತು."

"ಪುಟ್ಟಿನಾ?"

ಅವನು ತಲೆ ತಗ್ಗಿಸಿದ.

*

ಮನೆಗೆ ಬರುವ ಹೊತ್ತಿಗೆ ಡಾಕ್ಟರು ಕಾರಿನ ಬಳಿ ನಿಂತಿದ್ದರು. ಕೈಯಲ್ಲಿ ಕರವಸ್ತ್ರ. ಸುತ್ತ ಏಳೆಂಟು ಜನ. ಅತ್ತೆ ಮೆಟ್ಟಿಲ ಮೇಲೆ ಕೂತಿದ್ದಳು.

"ಎಂಥಾ ಕೈ ಅಮ್ಮ ನಿಮ್ಮಪ್ಪಂದು," ಎಂದರು ಡಾಕ್ಟರು. "ಇದಕ್ಕೆ ಬಣ್ಣ ಹೊಡೆಯೋಕೇ ಮನಸ್ಸಾಗಲ್ಲ."

"ಸಾರ್, ಬಾಗಿಲು ತೆಗೀರಿ."

ಅವರು ಎಳೆದರು. ಇನ್ನೊಮ್ಮೆ ಎಳೆದರು. ಕನ್ನಡಕ ಸರಿಪಡಿಸಿಕೊಂಡು ಬಗ್ಗಿ, ನಲವತ್ತು ವರ್ಷ ಜನರ ಬಾಯೊಳಗೆ ನೋಡಿದ ಅದೇ ರೀತಿಯಲ್ಲಿ ಸಂದನ್ನು ನೋಡಿದರು. ಎದ್ದು ನಿಂತಾಗ ಅವರ ಮುಖ ಬೇರೆಯಾಗಿತ್ತು.

"ಬಾಡಿ ಬಗ್ಗಿದೆ."

"ಹೌದು ಸಾರ್. ನಾನು ಮಾಡಿದ್ದು. ಅಪ್ಪಂಗೆ ಕಣ್ಣಿನ ಆಪರೇಷನ್ ಆದಾಗ ಸಿಲ್ ಕೊಯ್ದಿದ್ದು, ಬೆಸೆದಿದ್ದು ನಾನು. ಅಡ್ಡ ಪೈಪ್ ತೆಗೆದಿದ್ದೂ ನಾನೇ. ಇನ್ನೊಂದ್ಸಲ ಕೊಯ್ದು ಸರಿ ಮಾಡ್ತೀನಿ. ಮೂರು ತಿಂಗಳು ಕೊಡಿ."

ಡಾಕ್ಟರು ಅವಳನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣಲ್ಲಿ ಮತ್ತೆ ನೀರು ಬಂತು.

"ಮಕ್ಕಳಿದ್ರೆ ಹೀಗಿರ್ಬೇಕು. ಬೇಡಮ್ಮ. ಅವನ ತಪ್ಪನ್ನ ನೀನು ತಲೆ ಮೇಲೆ ಹಾಕ್ಕೋಬೇಡ."

"ತಪ್ಪು ಅಪ್ಪಂದಲ್ಲ ಸಾರ್."

"ನಂಗೆ ಸಿಟ್ಟಿಲ್ಲ. ಕಣ್ಣು ಮಂಜಾದ ದಿನ ನಾನು ಹಲ್ಲು ಕೀಳೋದು ನಿಲ್ಲಿಸ್ದೆ. ಅವನೂ ನಿಲ್ಲಿಸ್ಬೇಕಿತ್ತು. ಎರಡು ವರ್ಷ ಸ್ಟ್ಯಾಂಡ್ ಮೇಲಿಂದ ಇಳಿಸ್ದೆ ನನ್ನಿಂದ ಮುಚ್ಚಿಟ್ಟ ನೋಡು, ಅದೊಂದು ಬೇಜಾರು."

"ಡಾಕ್ಟ್ರೇ," ಎಂದ ಪೇಂಟರ್. "ಅವಳು ಹೇಳ್ತಿರೋದು ನಿಜ. ನಂಗೆ ಗೊತ್ತು."

ಡಾಕ್ಟರು ಅವನ ಭುಜ ತಟ್ಟಿದರು. "ಮೂವತ್ತು ವರ್ಷದ ಸ್ನೇಹ. ಅವನ ಮರ್ಯಾದೆ ಕಾಯೋಕೆ ನೀವು ಹೇಳ್ದೆ ಇನ್ಯಾರು ಹೇಳ್ತಾರೆ?"

ಸುತ್ತ ನಿಂತವರು ತಲೆಯಾಡಿಸಿದರು. ಪಾಪ, ಕಣ್ಣು ಕಾಣ್ತಿರಲಿಲ್ಲವಂತೆ, ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಕೊನೆಕೊನೆಗೆ ಕೈಯೂ ನಡುಗುತ್ತಿತ್ತು, ನಾನೇ ನೋಡಿದ್ದೆ, ಎಂದ ಆ ಇನ್ನೊಬ್ಬ. ಮೆಟ್ಟಿಲ ಮೇಲಿಂದ ಅತ್ತೆಯ ದನಿ ಕೇಳಿತು: "ಅಯ್ಯೋ ಅಣ್ಣಾ, ಹಾಳು ಮಾಡ್ಬಿಟ್ಯೇನೋ! ಸುಮ್ನೆ ಮನೇಲಿರು ಅಂದ್ರೆ ಕೇಳ್ಲಿಲ್ವಲ್ಲೋ!"

"ಅತ್ತೆ, ಅಪ್ಪ ಅಲ್ಲ!" ಮಗಳು ಕೂಗಿದಳು. "ಎಲ್ರೂ ಕೇಳಿ, ಅಪ್ಪ ಅಲ್ಲ, ನಾನು!"

ಅವಳು ಕೂಗಿದಷ್ಟೂ ಜನರ ಕಣ್ಣಲ್ಲಿ ಅವಳ ಬಗ್ಗೆ ಮರುಕ ಹೆಚ್ಚಿತು. ಯಾರೋ ಹೆಂಗಸು ಬಂದು ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡು, "ಸುಮ್ನಿರು, ಸುಮ್ನಿರು," ಎಂದಳು.

ನಾಲ್ಕೂ ಹತ್ತಕ್ಕೆ ಕ್ರೇನ್ ಬಂತು.

"ಪೇಂಟ್ ಶೆಡ್ಡಿಗಾ ಸಾರ್?" ಡ್ರೈವರ್ ಕೇಳಿದ.

"ಬೇಡ. ನಮ್ಮನೆಗೆ ನಡಿ," ಎಂದರು ಡಾಕ್ಟರು. ಮಗಳ ಕಡೆ ತಿರುಗಿ ದನಿ ತಗ್ಗಿಸಿದರು. "ಬೇರೆ ಯಾರಿಗಾದ್ರೂ ತೋರಿಸ್ತೀನಮ್ಮ. ಆ ಇಬ್ಬರು ಸ್ನೇಹಿತರಿಗೂ ಏನಾದ್ರೂ ಹೇಳ್ಕೊಳ್ತೀನಿ. ನೀನು ಇದನ್ನೆಲ್ಲ ಬಿಡು. ಹೆಣ್ಣುಮಕ್ಕಳು ಮಾಡೋ ಕೆಲಸ ಎಷ್ಟೋ ಇವೆ."

ಅವಳು ಕಾರಿನಿಂದ ಹಿಂದೆ ಸರಿದು ನಿಂತಳು. ಹೇಳುವುದಿದ್ದದ್ದನ್ನೆಲ್ಲ ಹೇಳಿಯಾಗಿತ್ತು.

ಡ್ರೈವರ್ ಕಾರಿನ ಅಡಿಗೆ ಎರಡು ಅಗಲ ಪಟ್ಟಿಗಳನ್ನು ತೂರಿಸಿದ, ಒಂದು ಬಾಗಿಲ ಮುಂದೆ, ಇನ್ನೊಂದು ಹಿಂದೆ. ಉಜ್ಜಿದ ತಗಡಿಗೆ ಗೀರು ಬೀಳದಿರಲೆಂದು ಪೇಂಟರ್ ತನ್ನ ಅಂಗಿ ಬಿಚ್ಚಿ ಒಂದು ಪಟ್ಟಿಯ ಕೆಳಗೆ ಮಡಚಿಟ್ಟು ಬನಿಯನ್ನಿನಲ್ಲಿ ನಿಂತ. ಮೋಟರು ಗುಂಯ್‌ಗುಟ್ಟಿತು. ಪಟ್ಟಿಗಳು ಬಿಗಿದವು. ಚಕ್ರಗಳು ನೆಲ ಬಿಟ್ಟವು.

ಕಾರು ಆಳೆತ್ತರಕ್ಕೆ ಏರಿತು. ಈಗ ಪಟ್ಟಿಗಳು ಅದನ್ನು ನಡುವಿನಿಂದ ಎತ್ತಿ ಹಿಡಿದಿದ್ದವು, ಐದನೇ ಸ್ಟ್ಯಾಂಡ್ ಹಿಡಿದಿದ್ದ ಹಾಗೆ. ಸದ್ದಿಲ್ಲದೆ, ಯಾರೂ ಮುಟ್ಟದೆ, ಬಲಬಾಗಿಲು ಸಂದಿನಿಂದ ಬಿಡಿಸಿಕೊಂಡು ಎರಡು ಪಟ್ಟಿಗಳ ನಡುವೆ ಹೊರಕ್ಕೆ ತೆರೆದುಕೊಂಡಿತು, ಒಳಗಿನಿಂದ ಯಾರೋ ಇಳಿಯಲು ಹೊರಟ ಹಾಗೆ. ಡ್ರೈವರ್ ಕೋಲಿನಿಂದ ಅದನ್ನು ಒಳಕ್ಕೆ ನೂಕಿದ. ಅದು ಮತ್ತೆ ತೆರೆದುಕೊಂಡಿತು.