ಹಲ್ಲುಮೇಸ್ತ್ರಿಯ ಕಿವಿ

ಹಲ್ಲುಮೇಸ್ತ್ರಿ ಹಲ್ಲಿನಿಂದ ಕೇಳುತ್ತಿದ್ದರು. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ, ಬಾಲ್ಯದಲ್ಲಿ ಸೋರಿದ ಕಿವಿಗಳೆರಡೂ ಗುಡುಗಿಗೂ ಜಗ್ಗದಷ್ಟು ಮಂದವಾದ ಮೇಲೆ, ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ದವಡೆಯಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಂತರೆಂದರೆ, ಅರ್ಧ ಶತಮಾನ ಕಂಡ ಯಾವ ಕಾರಿಗೂ ತನ್ನ ಒಡಲ ಗುಟ್ಟನ್ನು ಅವರಿಂದ ಮುಚ್ಚಿಡಲಾಗುತ್ತಿರಲಿಲ್ಲ.

ಎಡಕ್ಕೆ ವಾಲಿದ ನಡಿಗೆ, ಎಣ್ಣೆ ಕುಡಿದು ಕುಡಿದು ಚರ್ಮದಂತಾದ ಕಂದು ಕೋಟು, ಪಕ್ಕದಲ್ಲಿದ್ದವರೊಡನೆಯೂ ಮೂರು ಬೀದಿಗೆ ಕೇಳುವ ಮಾತು. ಹೆಂಡತಿಯ ತುಟಿಗಳಲ್ಲಿ ಬೇಕಾದದ್ದನ್ನಷ್ಟೇ ಓದುವ ಜಾಣಕಿವುಡು ಬೇರೆ! ಹಳೆ ಕಾರುಗಳನ್ನು ಆಕೆ ಕರೆಯುತ್ತಿದ್ದದ್ದೇ 'ನನ್ನ ಸವತಿಯರು' ಎಂದು. ನಲವತ್ತು ವರ್ಷ ಶೆಡ್ಡಿನ ಹೊಸಿಲು ತುಳಿದವರಲ್ಲ. ತುಳಿಯಲು ಯಾರೂ ಕರೆದಿರಲೂ ಇಲ್ಲ. ಆ ಸ್ಕ್ರೂಡ್ರೈವರಂತೂ ಪರರ ಕೈ ಕಂಡದ್ದಲ್ಲ. ಒಮ್ಮೆ ಮುಟ್ಟಲು ಹೋಗಿ, "ನಿಮ್ಮ ಕಿವಿ ಯಾರಾದ್ರೂ ಕಿತ್ಕೊಂಡ್ರೆ ಸುಮ್ನಿರ್ತೀರಾ?" ಎಂದು ಪಕ್ಕದ ಮನೆಯ ನಾನೂ ಬೈಸಿಕೊಂಡಿದ್ದೇನೆ.

ಅವರು ಮೊಟ್ಟಮೊದಲು ಕೈಗೆ ಗ್ರೀಸು ಹಚ್ಚಿಕೊಂಡ ಕಾರು, ಅದರ ಮಾಲೀಕರನ್ನು ಮೂವತ್ತು ವರ್ಷ ಅಂಗಲಾಚಿದ ಮೇಲೆ, ತುಕ್ಕಿನ ಮುದ್ದೆಯಾಗಿ ಅವರ ಶೆಡ್ಡಿಗೆ ಬಂತು. ಎರಡು ವರ್ಷ ತಪಸ್ಸಿನಂತೆ ದುಡಿದು ಬಾಗಿಲು, ಗೇರು, ಪಿಸ್ಟನ್ ಎಲ್ಲ ಸರಿಮಾಡಿದರು. ಎಂಜಿನ್ ಚಾಲೂ ಮಾಡುವುದೊಂದು ಬಾಕಿಯಿರುವಾಗ, ಉಳಿದಿದ್ದ ಒಂದೇ ಜೋಡಿ ದವಡೆಹಲ್ಲಿನಲ್ಲಿ ಕೆಳಗಿನದು ಕೊಳೆತು ಮುಖ ಊದಿಕೊಂಡಿತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುವುದು ಇದಕ್ಕೇ ತಾನೆ?

ಕೀವು ಮೂಳೆಗಿಳಿಯುತ್ತಿದೆ, ಇವತ್ತೇ ಕೀಳಬೇಕು ಎಂದರು ದಂತವೈದ್ಯರು.

"ಅವಳ ದನಿ ಒಂದ್ಸಲ ಕೇಳ್ಬಿಡ್ತೀನಿ. ಆಮೇಲೆ ಹಲ್ಲೇನು, ದವಡೇನೇ ಕಿತ್ಕೊಳ್ಳಿ," ಎಂದು ಮೇಸ್ತ್ರಿ ಎದ್ದೇಬಿಟ್ಟರು.

ಜೊತೆಗೆ ಬಂದಿದ್ದ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು. "ರೀ, ಆ ಕಾರಿಗೆ ಇನ್ನೊಂದು ಎಂಜಿನ್ ಹುಡುಕ್ತೀರಿ. ನಿಮ್ಮನ್ನ ನಾನೆಲ್ಲಿ ಹುಡುಕ್ಲಿ?"

ಆಕೆಯ ಕಣ್ಣಲ್ಲಿ ನೀರಿತ್ತು. ಜಾಣಕಿವುಡು ಅಲ್ಲಿ ನಡೆಯಲಿಲ್ಲ. ಮೇಸ್ತ್ರಿ ಬಂದು ಕುರ್ಚಿಯಲ್ಲಿ ಕೂತು ಬಾಯಿ ತೆರೆದರು.

ಹದಿನೈದು ದಿನದ ಮೇಲೆ ಎಂಜಿನ್ ಚಾಲೂ ಆಯಿತು. ಹಿಡಿಯನ್ನು ಮೇಲಿನ ಒಂಟಿ ಹಲ್ಲಿಗೂ ಕೆಳಗಿನ ಬೋಳು ವಸಡಿಗೂ ನಡುವೆ ಒತ್ತಿದರು, ಜಾರಿತು. ಕಿವಿಯ ಹಿಂದಿನ ಮೂಳೆಗೆ ಆನಿಸಿದರು; ಬರೀ ಗುಂಯ್. ಆ ಮುಖವನ್ನು ನೋಡಲಾರದೆ ನಾನು ತಲೆ ತಗ್ಗಿಸಿದೆ. ಅವರು ಹೊರಗೆ ಹೋಗಿ, ಹೆಂಡತಿಯನ್ನು ಕೈಹಿಡಿದು ಕರೆತಂದು, ಸ್ಕ್ರೂಡ್ರೈವರನ್ನು ಮುಂದೆ ಚಾಚಿದರು.

"ಕಚ್ಚು ಕಣೇ."

ಆಕೆ ಮೂಗುಮುರಿಯುತ್ತಲೇ ಕಚ್ಚಿದರು. ಕಣ್ಣು ಅರಳಿತು. "ಅಯ್ಯೋ! ನೀರು ಕುದಿಯೋವಾಗ ಪಾತ್ರೆ ಮುಚ್ಚಳ ಕುಣಿಯುತ್ತಲ್ಲ, ಹಾಗನ್ತಿದೆ ರೀ. ಇಲ್ಲಿ, ಈ ಕೊನೇಲಿ."

ಮೇಸ್ತ್ರಿ ಎಂಜಿನ್ ನಿಲ್ಲಿಸಿ, ಆ ಕೊನೆಯ ವಾಲ್ವಿನ ಸಡಿಲವನ್ನು ಸರಿಪಡಿಸಿ, ಮತ್ತೆ ಚಾಲೂ ಮಾಡಿದರು. "ಈಗ?"

"ಸುಮ್ಮನಾದ್ಳು," ಎಂದರು ಆಕೆ, ಅವರಿಗೆ ತುಟಿ ಕಾಣುವಂತೆ ಮುಖವೆತ್ತಿ. ಮೇಸ್ತ್ರಿ ಮಗುವಿನಂತೆ ಅತ್ತುಬಿಟ್ಟರು.

ಹಳೆಯ ವಾಹನಗಳಿಗೆ ಜೀವ ತೇಯುವ ಈ ಹಟಮಾರಿಗಳ ಕುಲವೇ ಹೀಗೇನೋ. ಒಬ್ಬರನ್ನೂ ಹತ್ತಿರ ಸೇರಿಸದೆ ಜೀವಮಾನವೆಲ್ಲ ತಾವೇ ಕಾಯುತ್ತಾರೆ, ತಾವೇ ಕೇಳುತ್ತಾರೆ. ದೇಹ ಕೈಕೊಟ್ಟ ದಿನ ತಿಳಿಯುತ್ತದೆ, ಅದನ್ನೆಲ್ಲ ಕೇಳಬಲ್ಲವರೊಬ್ಬರು ಇಷ್ಟು ವರ್ಷವೂ ಮನೆಯಲ್ಲೇ ಇದ್ದರು, ತಾವು ಕರೆದಿರಲಿಲ್ಲ ಅಷ್ಟೆ ಎಂದು.